ಮೊಬೈಲ್‌ನ ಮಿಣುಕು ದೀಪ ಎಲ್ಲಿ ಹೋಯಿತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಫೋನಿನ ಬ್ಯಾಟರಿಯ ಬಗ್ಗೆ ಬರೆಯುತ್ತಾ, ಹಿಂದಿನ ಫೋನುಗಳಲ್ಲಿ ಸಂದೇಶ ಬಂದಾಗ ಮಿಣುಕುತ್ತಿದ್ದ ನೋಟಿಫಿಕೇಶನ್ ದೀಪದ ಪ್ರಸ್ತಾಪವನ್ನು ಒಂದೇ ವಾಕ್ಯದಲ್ಲಿ ಮಾಡಿ ಮುಂದೆ ಹೋಗಿದ್ದೆವು. ಬ್ಯಾಟರಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ವಾಕ್ಯದ ಬಗ್ಗೆಯೇ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ದೀಪಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಹಳೆಯ ಫೋನಿನ ಕೆಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ದೀಪವಿತ್ತು. ವಾಟ್ಸ್‌ಆ್ಯಪ್ ಸಂದೇಶ ಬಂದಿದ್ದರೆ ಹಸಿರಾಗಿ ಮಿಣುಕುತ್ತಿತ್ತು; ಅಡುಗೆಮನೆಯ ಬಾಗಿಲಲ್ಲಿ ನಿಂತೇ ಮಗಳ ಸಂದೇಶವಿದೆ ಎಂದು ತಿಳಿಯುತ್ತಿತ್ತು. ಈಗ ಮಗ ಹೊಸ ಫೋನ್ ಕೊಡಿಸಿದ್ದಾನೆ. ಅದರಲ್ಲಿ ದೀಪ ಬೆಳಗುವುದೇ ಇಲ್ಲ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಲೈಟ್’ ಎಂಬ ಆಯ್ಕೆ ಸಿಕ್ಕಿತು, ಹಸಿರು ಬಣ್ಣವನ್ನು ಆರಿಸಿದೆ, ಆದರೂ ಏನೂ ಆಗಲಿಲ್ಲ. ಅಂಗಡಿಯವರನ್ನು ಕೇಳಿದರೆ ಅಪ್‌ಡೇಟ್ ಮಾಡಿದರೆ ಬರುತ್ತದೆ ಎಂದರು. ಎರಡು ಸಲ ಮಾಡಿಯಾಯಿತು. ಫೋನಿನಲ್ಲೇ ದೋಷವಿದೆಯೇ? — ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ನಿಮ್ಮ ಫೋನಿನಲ್ಲಿ ಯಾವ ದೋಷವೂ ಇಲ್ಲ. ಅದರಲ್ಲಿ ಆ ದೀಪವನ್ನೇ ಇಟ್ಟಿಲ್ಲ, ಅಷ್ಟೇ. ಇಲ್ಲದ ದೀಪವನ್ನು ಯಾವ ಅಪ್‌ಡೇಟೂ ಬೆಳಗಿಸಲಾರದು. ಅಂಗಡಿಯವರು ನಿಮ್ಮನ್ನು ಸಾಗಹಾಕಲು ಹಾಗೆ ಹೇಳಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ‘ಲೈಟ್’ ಎಂಬ ಆಯ್ಕೆ ಇನ್ನೂ ಕಾಣಿಸುವುದಕ್ಕೆ ಕಾರಣ ಬೇರೆ. ಆ್ಯಪ್ ಒಂದೇ, ಅದು ಓಡುವ ಫೋನುಗಳು ನೂರಾರು ಬಗೆಯವು. ದೀಪವಿರುವ ಹಳೆಯ ಫೋನುಗಳೂ ಬಳಕೆಯಲ್ಲಿರುವುದರಿಂದ ಬಿಳಿ, ಕೆಂಪು, ಹಳದಿ, ಹಸಿರು ಎಂಬ ಆ ಪಟ್ಟಿಯನ್ನು ಅವರು ಹಾಗೆಯೇ ಉಳಿಸಿಕೊಂಡಿದ್ದಾರೆ. ನೀವು ಹಸಿರನ್ನು ಆರಿಸಿದಾಗ ವಾಟ್ಸ್‌ಆ್ಯಪ್ ತನ್ನ ಪಾಲಿನ ಕೆಲಸ ಮಾಡಿತು, ‘ಹಸಿರು ದೀಪ ಬೆಳಗಿಸು’ ಎಂದು ಆಂಡ್ರಾಯ್ಡ್‌ಗೆ ಹೇಳಿತು. ಬೆಳಗಿಸಲು ದೀಪವಿಲ್ಲದ ಕಾರಣ ಆಂಡ್ರಾಯ್ಡ್ ಆ ಮಾತನ್ನು ಕೇಳಿ ಸುಮ್ಮನಾಯಿತು.

ದೀಪ ಯಾಕೆ ಹೋಯಿತು ಎಂಬುದಕ್ಕೆ ಫೋನಿನ ಮುಖವನ್ನೇ ಒಮ್ಮೆ ನೋಡಬೇಕು. 2016ರವರೆಗಿನ ಹೆಚ್ಚಿನ ಫೋನುಗಳಲ್ಲಿ ಪರದೆಯ ಮೇಲೊಂದು, ಕೆಳಗೊಂದು ಅಗಲವಾದ ಪಟ್ಟಿ ಇರುತ್ತಿತ್ತು. ಮೇಲಿನ ಪಟ್ಟಿಯಲ್ಲಿ ಮಾತು ಕೇಳಿಸುವ ಇಯರ್‌ಪೀಸ್, ಮುಂಬದಿಯ ಕ್ಯಾಮೆರಾ, ಕಿವಿಗೆ ಹಿಡಿದಾಗ ಪರದೆಯನ್ನು ಆರಿಸುವ ಪ್ರಾಕ್ಸಿಮಿಟಿ ಸೆನ್ಸರ್, ಸುತ್ತಲಿನ ಬೆಳಕನ್ನು ಅಳೆಯುವ ಇನ್ನೊಂದು ಸೆನ್ಸರ್, ಇವೆಲ್ಲದರ ಮಧ್ಯೆ ಒಂದು ಮೂಲೆಯಲ್ಲಿ ನಮ್ಮ ದೀಪ. ಜಾಗ ಧಾರಾಳವಾಗಿದ್ದಾಗ ಮನೆಯ ಜಗಲಿಯಲ್ಲಿ ಒಬ್ಬ ನೆಂಟ ಹೆಚ್ಚಾದರೆ ಯಾರಿಗೂ ತೊಂದರೆಯಿಲ್ಲ. 2017ರಲ್ಲಿ ಎಲ್‌ಜಿ ಜಿ6, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್8 ಫೋನುಗಳು ಉದ್ದನೆಯ ಪರದೆಯನ್ನು ತಂದವು, ಅದೇ ವರ್ಷದ ಕೊನೆಗೆ ಆಪಲ್‌ನ ಐಫೋನ್ ಎಕ್ಸ್ ಮುಖದ ತುಂಬ ಪರದೆಯನ್ನು ಹರಡಿ ಮೇಲೊಂದು ಕಚ್ಚು ಮಾತ್ರ ಉಳಿಸಿತು. ಅಲ್ಲಿಂದ ಮುಂದೆ ಪರದೆಯ ಸುತ್ತಲಿನ ಪಟ್ಟಿ ಎಷ್ಟು ಸಣ್ಣದೋ ಫೋನ್ ಅಷ್ಟು ಹೊಸದು ಎಂಬ ಪೈಪೋಟಿ ಶುರುವಾಯಿತು. ಜಗಲಿಯೇ ಇಲ್ಲವಾದ ಮೇಲೆ ಇಯರ್‌ಪೀಸ್ ಅಂಚಿನ ಸೀಳಿಗೆ ಸರಿಯಿತು, ಸೆನ್ಸರ್‌ಗಳು ಪರದೆಯ ಅಡಿಗೆ ಹೋದವು, ಕ್ಯಾಮೆರಾ ಒಂದು ತೂತಿನಲ್ಲಿ ನಿಂತಿತು. ಇವುಗಳಲ್ಲಿ ಯಾವುದನ್ನೂ ಬಿಡುವಂತಿರಲಿಲ್ಲ. ಬಿಡಬಹುದಾಗಿದ್ದುದು ದೀಪವೊಂದೇ.

ಇದು ಎಷ್ಟು ಬೇಗ ನಡೆಯಿತು ಎಂದರೆ, 2018ರ ಮೇ ತಿಂಗಳಲ್ಲಿ ಬಂದ ಒನ್‌ಪ್ಲಸ್ 6 ಫೋನಿನಲ್ಲಿ ದೀಪವಿತ್ತು, ಅದೇ ವರ್ಷದ ಕೊನೆಯಲ್ಲಿ ಬಂದ ಒನ್‌ಪ್ಲಸ್ 6ಟಿಯಲ್ಲಿ ಇರಲಿಲ್ಲ. ಗ್ಯಾಲಕ್ಸಿ ಎಸ್ ಸರಣಿಯಲ್ಲಿ 2012ರ ಎಸ್3ರಿಂದ ಜೊತೆಗಿದ್ದ ದೀಪ 2018ರ ಎಸ್9ರವರೆಗೆ ಬಂದು 2019ರ ಎಸ್10ರಲ್ಲಿ ಕಾಣೆಯಾಯಿತು. ನಮ್ಮಲ್ಲಿ ಮನೆಮನೆಗೂ ಬಂದ ರೆಡ್‌ಮಿ ನೋಟ್ 7 ಮಾತ್ರ ಒಂದು ಉಪಾಯ ಮಾಡಿತ್ತು: ಮೇಲೆ ಜಾಗವಿಲ್ಲದ್ದರಿಂದ ದೀಪವನ್ನು ಪರದೆಯ ಕೆಳಗೆ, ಗಲ್ಲದ ಭಾಗದಲ್ಲಿ ಇಟ್ಟಿತ್ತು. ಕೆಳ ಅಂಚಿನಲ್ಲಿತ್ತು ಎಂದು ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಹಳೆಯ ಫೋನೂ ಅದೇ ಇರಬಹುದು, ಇಲ್ಲವೇ ಅಂಥದ್ದೇ ಇನ್ನೊಂದು.

ಹಳೆಯ ಫೋನ್ ಇನ್ನೂ ಕೈಯಲ್ಲಿದ್ದರೆ ಎಸೆಯಬೇಡಿ. ಸಿಮ್ ಹೊಸ ಫೋನಿನಲ್ಲೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬ ಸೌಲಭ್ಯದ ಮೂಲಕ ಅದೇ ಖಾತೆಯನ್ನು ಹಳೆಯ ಫೋನಿಗೂ ಜೋಡಿಸಬಹುದು. ಹಳೆಯದರ ಆಂಡ್ರಾಯ್ಡ್ ಆವೃತ್ತಿಯನ್ನು ವಾಟ್ಸ್‌ಆ್ಯಪ್ ಒಪ್ಪುವಷ್ಟು ದಿನ, ಮನೆಯ ವೈ-ಫೈ ಇದ್ದರೆ ಸಾಕು, ಅದು ನಿಮ್ಮ ಅಡುಗೆಮನೆಯ ದೀಪವಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ಒಂದು ಎಲ್‌ಇಡಿ ಬಿಡಿಭಾಗದ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುತ್ತದೆ. ಮೂವತ್ತು ಸಾವಿರದ ಫೋನಿನಲ್ಲಿ ಅದನ್ನು ಇಡಲಾರದಷ್ಟು ಕಷ್ಟ ಏನು? ಮುಂದೆ ಜಾಗವಿಲ್ಲದಿದ್ದರೆ ಅಂಚಿನಲ್ಲಾದರೂ ಇಡಬಹುದಿತ್ತಲ್ಲವೇ? ಆ ದೀಪ ಕೆಲಸ ಮಾಡುತ್ತಿದ್ದ ಬಗೆಯನ್ನೂ ವಿವರಿಸಿ. — ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮೊದಲು ಕೆಲಸ ಮಾಡುತ್ತಿದ್ದ ಬಗೆ. ನಮ್ಮ ಮೇಜಿನ ಡ್ರಾಯರಿನಲ್ಲಿ 2013ರ ಒಂದು ನೆಕ್ಸಸ್ 5 ಇದೆ, ಈಗಲೂ ಅಲಾರಂಗೆ ಬಳಕೆಯಾಗುತ್ತದೆ. ಪರದೆಯ ಕೆಳಗೆ ನಡುಮಧ್ಯದಲ್ಲಿ ಅದರ ದೀಪ. ಆರಿದ್ದಾಗ ಅಲ್ಲೊಂದು ದೀಪವಿದೆ ಎಂಬುದೇ ತಿಳಿಯುವುದಿಲ್ಲ. ಬೆಳಗಿದಾಗ ಮೆತ್ತಗೆ ಮೇಲೇರಿ ಮೆತ್ತಗೆ ಇಳಿಯುತ್ತದೆ, ಮಲಗಿದವರ ಉಸಿರಾಟದ ಹಾಗೆ. ಒಂದೇ ದೀಪ ಎಂದು ನಾವು ತಿಳಿಯುವ ಆ ಚುಕ್ಕಿಯ ಹಿಂದೆ ನಿಜಕ್ಕೂ ಮೂರು ಎಲ್‌ಇಡಿಗಳಿರುತ್ತವೆ: ಕೆಂಪು, ಹಸಿರು, ನೀಲಿ. ಮೂರರ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿ ಉಳಿದ ಬಣ್ಣಗಳನ್ನು ಬೆರೆಸುತ್ತಿದ್ದರು. ಬೆರಕೆ ಅಷ್ಟೇನೂ ನಯವಾಗಿರುತ್ತಿರಲಿಲ್ಲ. ಎಷ್ಟೋ ಫೋನುಗಳಲ್ಲಿ ‘ಹಳದಿ’ ಎಂದು ಆರಿಸಿದರೆ ಬರುತ್ತಿದ್ದುದು ಎಳೆ ಮಾವಿನಕಾಯಿಯ ಬಣ್ಣ. ಕಣ್ಣಿನ ಹತ್ತಿರ ಹಿಡಿದರೆ ಕೆಂಪು, ಹಸಿರು ಚುಕ್ಕಿಗಳು ಅಕ್ಕಪಕ್ಕದಲ್ಲಿ ಬೇರೆಬೇರೆಯಾಗಿಯೇ ಕಾಣುತ್ತಿದ್ದವು. ನೀಲಿ ಎಲ್‌ಇಡಿ ಇಲ್ಲದಿದ್ದರೆ ಈ ಬೆರಕೆಯೂ ಸಾಧ್ಯವಿರಲಿಲ್ಲ. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ನಿಮಗೆ ಪಾಠದಲ್ಲೇ ಬಂದಿರುತ್ತದೆ.

ನಿಮ್ಮಂಥ ವಿದ್ಯಾರ್ಥಿಗೆ ಹೆಚ್ಚು ಸ್ವಾರಸ್ಯ ಅನ್ನಿಸಬೇಕಾದ ಸಂಗತಿ ಇದು: ದೀಪ ಮಿಣುಕುವಾಗ ಫೋನಿನ ಮುಖ್ಯ ಪ್ರೊಸೆಸರ್ ನಿದ್ರೆಯಲ್ಲಿರುತ್ತಿತ್ತು. ಪ್ರತಿ ಮಿಣುಕಿಗೂ ಪ್ರೊಸೆಸರನ್ನು ಎಬ್ಬಿಸಿದರೆ ಬ್ಯಾಟರಿ ಉಳಿಯುವುದೆಂತು? ಆದ್ದರಿಂದ ಆ ಕೆಲಸವನ್ನು ಬೇರೆ ಚಿಪ್‌ಗೆ ವಹಿಸಿದ್ದರು. ಚಿಪ್ ತಯಾರಿಸುವ ಕ್ವಾಲ್‌ಕಾಮ್ ಕಂಪನಿಯ ಎಷ್ಟೋ ಪವರ್ ಮ್ಯಾನೇಜ್‌ಮೆಂಟ್ ಚಿಪ್‌ಗಳಲ್ಲಿ ‘ಲೈಟ್ ಪಲ್ಸ್ ಜನರೇಟರ್’ ಎಂಬ ಭಾಗವಿದೆ. ಎಷ್ಟು ಹೊತ್ತು ಬೆಳಗಬೇಕು, ಎಷ್ಟು ಹೊತ್ತು ಆರಬೇಕು, ಯಾವ ಹಂತದಲ್ಲಿ ಎಷ್ಟು ಪ್ರಕಾಶ ಎಂಬುದನ್ನು ಒಮ್ಮೆ ಬರೆದುಕೊಟ್ಟರೆ ಅದು ತನ್ನಷ್ಟಕ್ಕೆ ನಡೆಸಿಕೊಂಡು ಹೋಗುತ್ತದೆ. ಆಂಡ್ರಾಯ್ಡ್‌ನಲ್ಲೂ ಇದಕ್ಕೆ ಮೊದಲ ದಿನದಿಂದಲೇ ಸ್ಥಾನವಿತ್ತು. 2008ರ ಮೊದಲ ಆವೃತ್ತಿಯಲ್ಲೇ ಆ್ಯಪ್ ಬರೆಯುವವರು ದೀಪದ ಬಣ್ಣ, ಬೆಳಗುವ ಮಿಲಿಸೆಕೆಂಡು, ಆರುವ ಮಿಲಿಸೆಕೆಂಡು ಎಂಬ ಮೂರು ಅಂಕಿಗಳನ್ನು ಕೊಡಬಹುದಾಗಿತ್ತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಲ್ಲಿ ಆ ಹಳೆಯ ವಿಧಾನವನ್ನು ಬದಿಗಿಟ್ಟು, ಆ್ಯಪ್‌ನ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸುವ ನೋಟಿಫಿಕೇಶನ್ ಚಾನೆಲ್ ಎಂಬ ಹೊಸ ಏರ್ಪಾಟಿನೊಳಗೆ ದೀಪದ ಬಣ್ಣವನ್ನು ಸೇರಿಸಿದರು. ಚಾನೆಲ್‌ನಲ್ಲಿ ಬಣ್ಣವನ್ನು ಹೇಳಬಹುದು, ಮಿಣುಕಿನ ಲಯವನ್ನು ಹೇಳುವಂತಿಲ್ಲ.

ಇನ್ನು ಖರ್ಚಿನ ಮಾತು. ಎಲ್‌ಇಡಿಯ ಬೆಲೆ ನೀವು ಹೇಳಿದಷ್ಟೇ, ಸಗಟಿನಲ್ಲಿ ಇನ್ನೂ ಕಡಿಮೆ. ಆದರೆ ಫೋನಿನಲ್ಲಿ ಬೆಲೆ ಕಟ್ಟುವುದು ಜಾಗಕ್ಕೆ. ಎಲ್‌ಇಡಿಯನ್ನು ಕೂರಿಸಲು ಬೋರ್ಡಿನ ಒಂದು ತುಣುಕು ಅಲ್ಲಿಯವರೆಗೆ ಬರಬೇಕು. ಇಲ್ಲವೇ ಬೆಳಕನ್ನು ಬೋರ್ಡಿನಿಂದ ಗಾಜಿನವರೆಗೆ ಸಾಗಿಸುವ ಪಾರದರ್ಶಕ ಪ್ಲಾಸ್ಟಿಕ್‌ನ ಸಣ್ಣ ಕೊಳವೆ ಬೇಕು. ಆ ಬೆಳಕು ಪಕ್ಕದ ಸೆನ್ಸರ್‌ಗೆ ಸೋರಿದರೆ, ಕೋಣೆಯಲ್ಲಿ ಬೆಳಕಿದೆ ಎಂದು ಅದು ಮೋಸಹೋಗುತ್ತದೆ. ಅದನ್ನು ತಡೆಯಲು ಮತ್ತೊಂದು ಗೋಡೆ. ಅಂಚಿನಲ್ಲಿ ಇಡುವುದಾದರೆ ಲೋಹದ ಚೌಕಟ್ಟಿಗೆ ಇನ್ನೊಂದು ತೂತು ಕೊರೆದು, ನೀರು ಒಳಹೋಗದಂತೆ ಅದನ್ನು ಮುಚ್ಚಬೇಕು. ಹೀಗೆಂದು ಅಸಾಧ್ಯವೇನೂ ಅಲ್ಲ. ಏಸೂಸ್ ಕಂಪನಿ 2021ರ ಝೆನ್‌ಫೋನ್ 8ರಲ್ಲಿ ದೀಪವನ್ನು ಕೆಳ ಅಂಚಿಗೇ ತಂದು ಇಟ್ಟಿತ್ತು. ಸೋನಿ ಪರದೆಯ ಮೇಲೊಂದು ತೆಳುವಾದ ಪಟ್ಟಿಯನ್ನು ಬಿಡದೆ ಉಳಿಸಿಕೊಂಡದ್ದರಿಂದ 2020ರ ಎಕ್ಸ್‌ಪೀರಿಯಾ 1 ಮಾರ್ಕ್ 2ರಲ್ಲೂ ದೀಪವಿತ್ತು. ಆದರೆ ಸೋನಿ 2019ರಲ್ಲೇ ಭಾರತದ ಮೊಬೈಲ್ ಮಾರುಕಟ್ಟೆಯಿಂದ ಹಿಂದೆ ಸರಿದಿತ್ತು. ಮನಸ್ಸಿದ್ದವರು ಇಟ್ಟರು ಎಂಬುದಂತೂ ಇದರಿಂದ ಸ್ಪಷ್ಟ. ಉಳಿದವರಿಗೆ ಕಷ್ಟವಾದದ್ದಕ್ಕಿಂತ, ದೀಪವಿಲ್ಲ ಎಂಬ ಕಾರಣಕ್ಕೆ ಫೋನ್ ಕೊಳ್ಳದೆ ಹಿಂತಿರುಗುವ ಗಿರಾಕಿ ಯಾರೂ ಇಲ್ಲ ಎಂಬುದು ಗೊತ್ತಾಗಿತ್ತು ಎಂದೇ ನಮ್ಮ ಅನಿಸಿಕೆ. ನಾವೂ ಹಾಗೆ ಹಿಂತಿರುಗಲಿಲ್ಲ.

ಪ್ರಶ್ನೆ: ದೀಪದ ಬದಲು ‘ಆಲ್ವೇಸ್ ಆನ್ ಡಿಸ್‌ಪ್ಲೇ’ (ಫೋನ್ ಬಳಸದಿರುವಾಗಲೂ ಪರದೆಯ ಮೇಲೆ ಗಡಿಯಾರ, ಐಕಾನ್‌ಗಳು ಕಾಣುತ್ತಲೇ ಇರುವ ಸೌಲಭ್ಯ) ಹಾಕಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನನ್ನದು ಬಟ್ಟೆ ಅಂಗಡಿ, ಫೋನ್ ದಿನವಿಡೀ ಗಲ್ಲಾಪೆಟ್ಟಿಗೆಯ ಪಕ್ಕ ಇರುತ್ತದೆ. ಇದರಿಂದ ಬ್ಯಾಟರಿ ಬೇಗ ಮುಗಿಯುವುದಿಲ್ಲವೇ? ಪರದೆ ಹಾಳಾಗುವುದಿಲ್ಲವೇ? ನನ್ನ ತಮ್ಮನ ಫೋನಿನಲ್ಲಿ ಈ ಆಯ್ಕೆಯೇ ಇಲ್ಲ, ಯಾಕೆ? — ವ್ಯಾಪಾರಿ, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡಿದರೆ ಉಳಿದೆರಡೂ ಸುಲಭವಾಗುತ್ತವೆ. ಫೋನಿನ ಪರದೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಎಲ್‌ಸಿಡಿ ಪರದೆಯ ಹಿಂದೆ ಒಂದು ಬೆಳಕಿನ ಹಾಸು ಇರುತ್ತದೆ. ಒಂದು ಚುಕ್ಕಿ ಕಾಣಬೇಕಾದರೂ ಇಡೀ ಹಾಸು ಬೆಳಗಬೇಕು. ಒಎಲ್‌ಇಡಿ, ಅಂದರೆ ಅಂಗಡಿಯಲ್ಲಿ ಅಮೋಲೆಡ್ ಎಂದು ಹೇಳುವ ಪರದೆಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪಾಗಿ ಕಾಣುವ ಭಾಗ ನಿಜಕ್ಕೂ ಆರಿರುತ್ತದೆ. ಗಡಿಯಾರವನ್ನೂ ಎರಡು ಐಕಾನ್‌ಗಳನ್ನೂ ಮಾತ್ರ ಬೆಳಗಿಸಿ ಉಳಿದ ಪರದೆಯನ್ನು ಕತ್ತಲಲ್ಲಿ ಬಿಡುವುದು ಅಮೋಲೆಡ್‌ನಲ್ಲಿ ಮಾತ್ರ ಅಗ್ಗ. ನಿಮ್ಮ ತಮ್ಮನವರ ಫೋನಿನದು ಎಲ್‌ಸಿಡಿ ಪರದೆ ಆಗಿರಬೇಕು. ಎಲ್‌ಜಿ 2016ರ ಜಿ5ರಲ್ಲಿ ಎಲ್‌ಸಿಡಿಯಲ್ಲೂ ಇದನ್ನು ಮಾಡಿ ತೋರಿಸಿತ್ತು, ಆದರೆ ಆ ದಾರಿಯನ್ನು ಹಿಡಿದವರು ಕಡಿಮೆ.

ಬ್ಯಾಟರಿಯ ಲೆಕ್ಕವನ್ನು ನೀವು ವ್ಯಾಪಾರಿಗಳಾದ್ದರಿಂದ ಅಂಕಿಗಳಲ್ಲೇ ಹೇಳುತ್ತೇವೆ. ಹಳೆಯ ದೀಪ ಬೆಳಗುವಾಗ 5 ಮಿಲಿಆಂಪಿಯರ್ ಎಳೆಯುತ್ತಿತ್ತು, ಪ್ರತಿ 3 ಸೆಕೆಂಡಿಗೆ ಅರ್ಧ ಸೆಕೆಂಡು ಬೆಳಗುತ್ತಿತ್ತು ಎಂದಿಟ್ಟುಕೊಳ್ಳೋಣ. ಎಂಟು ಗಂಟೆ ಎಡೆಬಿಡದೆ ಮಿಣುಕಿದರೂ ಖರ್ಚು ಸುಮಾರು 7 ಎಂಎಎಚ್. 5,000 ಎಂಎಎಚ್ ಬ್ಯಾಟರಿಯಲ್ಲಿ ಅದು ಶೇ 0.2ಕ್ಕಿಂತ ಕಡಿಮೆ, ಚಿಲ್ಲರೆ ಲೆಕ್ಕಕ್ಕೂ ಬಾರದ್ದು. ಆಲ್ವೇಸ್ ಆನ್ ಡಿಸ್‌ಪ್ಲೇ ಹಾಗಲ್ಲ. ಫೋನಿನಿಂದ ಫೋನಿಗೆ ವ್ಯತ್ಯಾಸವಿದ್ದರೂ ಗಂಟೆಗೆ ಶೇ 0.5ರಿಂದ 1ರಷ್ಟು ಖರ್ಚು ಎಂದು ಹಿಡಿದರೆ ತಪ್ಪಾಗಲಾರದು. ಅಂಗಡಿ ತೆರೆದಿರುವ ಹತ್ತು ಗಂಟೆಯಲ್ಲಿ ಶೇ 5ರಿಂದ 10. ಗಲ್ಲಾಪೆಟ್ಟಿಗೆಯ ಪಕ್ಕ ಚಾರ್ಜರ್ ಇರುವವರಿಗೆ ಇದು ದೊಡ್ಡ ಮಾತಲ್ಲ. ದಿನವಿಡೀ ಬಸ್ಸಿನಲ್ಲಿ ಓಡಾಡುವವರಿಗೆ ಹೌದು. ದುಬಾರಿ ಫೋನುಗಳ ಈಚಿನ ಪರದೆಗಳು ಆ ಹೊತ್ತಿನಲ್ಲಿ ಸೆಕೆಂಡಿಗೆ ಒಂದೇ ಸಲ ಚಿತ್ರವನ್ನು ಹೊಸದಾಗಿಸುವಷ್ಟು ನಿಧಾನಕ್ಕೆ ಇಳಿಯಬಲ್ಲವು. ಆಪಲ್ 2022ರವರೆಗೆ ಕಾದು ಐಫೋನ್ 14 ಪ್ರೊದಲ್ಲಿ ಮೊದಲ ಬಾರಿಗೆ ಈ ಸೌಲಭ್ಯವನ್ನು ಕೊಟ್ಟದ್ದು ಅಂಥ ಪರದೆಯನ್ನು ಹಾಕಿದ ಮೇಲೆಯೇ.

ಪರದೆ ಹಾಳಾಗುವ ಭಯ ಹಿಂದೆ ನಿಜವಾಗಿತ್ತು. ಒಂದೇ ಜಾಗದ ಚುಕ್ಕಿಗಳು ಸದಾ ಬೆಳಗುತ್ತಿದ್ದರೆ ಅವು ಉಳಿದವಕ್ಕಿಂತ ಬೇಗ ಮಂಕಾಗಿ, ಗೋಡೆಯಿಂದ ಕ್ಯಾಲೆಂಡರ್ ತೆಗೆದ ಮೇಲೆ ಉಳಿಯುವ ಗುರುತಿನಂತೆ ನೆರಳು ಕೂರುತ್ತದೆ. ಅದಕ್ಕಾಗಿಯೇ ಗಡಿಯಾರ ಆಗಾಗ ತುಸು ಅತ್ತಿತ್ತ ಸರಿಯುತ್ತದೆ. ಗಮನಿಸಿ ನೋಡಿದರೆ ಕಾಣುತ್ತದೆ. ಕಡಿಮೆ ಪ್ರಕಾಶದಲ್ಲಿ ಇಟ್ಟುಕೊಂಡರೆ ಚಿಂತಿಸಬೇಕಿಲ್ಲ.

ಒಂದು ಎಚ್ಚರಿಕೆ. ಅಮೋಲೆಡ್ ಇದ್ದರೂ ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಆಲ್ವೇಸ್ ಆನ್ ಎಂಬುದು ಹೆಸರಿಗೆ ಮಾತ್ರ. ಪರದೆಯನ್ನು ಮುಟ್ಟಿದಾಗ ಹತ್ತು ಸೆಕೆಂಡು ಬೆಳಗಿ ಆರುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಅದನ್ನು ಹಾಕಿಸಿ, ಒಂದು ನಿಮಿಷ ಮುಟ್ಟದೆ ಕಾದು ನೋಡಿ. ನಿಮ್ಮ ಫೋನಿನಲ್ಲಿ ಅದು ನಿಜಕ್ಕೂ ಸದಾ ಉಳಿಯುವುದಾದರೆ ಎಒಡಿ ನೋಟಿಫೈ ಎಂಬಂಥ ಆ್ಯಪ್‌ಗಳಿಂದ ಪರದೆಯ ಮೇಲೆಯೇ ಒಂದು ಚುಕ್ಕಿಯನ್ನೋ, ಕ್ಯಾಮೆರಾದ ತೂತಿನ ಸುತ್ತ ಒಂದು ಬಳೆಯನ್ನೋ ಬೆಳಗಿಸಿಕೊಳ್ಳಬಹುದು. ಹಳೆಯ ದೀಪಕ್ಕೆ ಇಷ್ಟು ಹತ್ತಿರ ಬರುವ ಉಪಾಯ ಬೇರೆ ಇಲ್ಲ. ಆದರೆ ಇಂಥ ಆ್ಯಪ್‌ಗಳು ನಿಮ್ಮ ಎಲ್ಲ ನೋಟಿಫಿಕೇಶನ್‌ಗಳನ್ನು ಓದುವ ಅನುಮತಿಯನ್ನು ಕೇಳುತ್ತವೆ. ಬ್ಯಾಂಕಿನ ಒಟಿಪಿಯೂ ನೋಟಿಫಿಕೇಶನ್ ಆಗಿಯೇ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಪ್ಲೇ ಸ್ಟೋರ್‌ನಿಂದ ಮಾತ್ರ, ಅದೂ ಬಹಳ ಜನ ಬಹಳ ದಿನದಿಂದ ಬಳಸುತ್ತಿರುವುದನ್ನು ಮಾತ್ರ ಹಾಕಿಕೊಳ್ಳಿ. ಹಾಕಿದ ಎರಡೇ ದಿನಕ್ಕೆ ಚುಕ್ಕಿ ನಿಂತುಹೋದರೆ, ಫೋನಿನ ಬ್ಯಾಟರಿ ಉಳಿತಾಯದ ವ್ಯವಸ್ಥೆ ಆ ಆ್ಯಪನ್ನು ಮಲಗಿಸಿದೆ ಎಂದರ್ಥ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಅದೊಂದಕ್ಕೆ ವಿನಾಯಿತಿ ಕೊಡಿ.

ಪ್ರಶ್ನೆ: ನನ್ನ ಗಂಡನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮಗ್ಗದ ಕೆಲಸ, ಅಲ್ಲಿನ ಸದ್ದಿನಲ್ಲಿ ಕೇಳುವವರಿಗೂ ರಿಂಗ್ ಕೇಳಿಸುವುದಿಲ್ಲ. ಹಳೆಯ ಫೋನನ್ನು ಮಗ್ಗದ ಎದುರಿನ ಗೂಡಿನಲ್ಲಿಟ್ಟು ದೀಪ ನೋಡಿಕೊಳ್ಳುತ್ತಿದ್ದರು. ಈಗ ಏನು ಮಾಡಬಹುದು? — ಗೃಹಿಣಿ, ಇಳಕಲ್

ಉತ್ತರ: ಈ ವಿಷಯದಲ್ಲಿ ಬಂದ ಪತ್ರಗಳಲ್ಲಿ ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ನಿಮ್ಮದು. ನಮಗೆಲ್ಲ ದೀಪ ಒಂದು ಅನುಕೂಲವಾಗಿತ್ತು. ಕಿವಿ ಕೇಳಿಸದವರಿಗೆ ಅದೇ ರಿಂಗ್ ಆಗಿತ್ತು. ದೀಪ ತೆಗೆದವರು ಈ ಬಳಕೆದಾರರನ್ನು ಲೆಕ್ಕಕ್ಕೆ ತೆಗೆದುಕೊಂಡರೋ ಇಲ್ಲವೋ, ಬದಲಿ ವ್ಯವಸ್ಥೆಯಂತೂ ಎಲ್ಲ ಫೋನಿಗೂ ಬರುವುದು ತಡವಾಯಿತು.

ಈಗಿರುವ ಮುಖ್ಯ ಉಪಾಯ, ಫೋಟೊ ತೆಗೆಯುವಾಗ ಮಿಂಚುವ ಹಿಂಬದಿಯ ಫ್ಲ್ಯಾಶನ್ನೇ ಕರೆಗಂಟೆಯಾಗಿ ಬಳಸುವುದು. ಐಫೋನಿನಲ್ಲಿ ಎಂದೂ ನೋಟಿಫಿಕೇಶನ್ ದೀಪವಿರಲಿಲ್ಲ, ಆದರೆ ಫ್ಲ್ಯಾಶ್ ಮಿಂಚಿಸುವ ಸೌಲಭ್ಯ 2011ರಿಂದಲೇ ಇದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಕೇಳುವಿಕೆಗೆ ಸಂಬಂಧಿಸಿದ ಭಾಗದಲ್ಲಿ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಸ್ಯಾಮ್‌ಸಂಗ್‌ನಂಥ ಕೆಲವರು ಮೊದಲೇ ಕೊಟ್ಟಿದ್ದರು. 2023ರ ಆಂಡ್ರಾಯ್ಡ್ 14ರಲ್ಲಿ ಅದು ಮೂಲ ವ್ಯವಸ್ಥೆಗೇ ಸೇರಿತು. ಸೆಟ್ಟಿಂಗ್ಸ್ ತೆರೆದು ಆಕ್ಸೆಸಿಬಿಲಿಟಿಗೆ ಹೋಗಿ. ಫೋನ್ ಕನ್ನಡದಲ್ಲಿದ್ದರೆ ಅದಕ್ಕೆ ‘ಪ್ರವೇಶಿಸುವಿಕೆ’ ಎಂದಿರುತ್ತದೆ. ಅಲ್ಲಿ ‘ಫ್ಲ್ಯಾಶ್ ನೋಟಿಫಿಕೇಶನ್ಸ್’ ಎಂಬುದರಲ್ಲಿ ಎರಡು ಬಗೆಯಿವೆ. ಒಂದು, ಕ್ಯಾಮೆರಾದ ಫ್ಲ್ಯಾಶ್ ಮಿಂಚುವುದು. ಇನ್ನೊಂದು, ಇಡೀ ಪರದೆ ನೀವು ಆರಿಸಿದ ಬಣ್ಣದಲ್ಲಿ ಬೆಳಗುವುದು. ಫ್ಲ್ಯಾಶನ್ನು ಆರಿಸಿದರೆ ಫೋನನ್ನು ಗೂಡಿನಲ್ಲಿ ಬೆನ್ನು ಹೊರಗೆ ಮಾಡಿ ನಿಲ್ಲಿಸಬೇಕು. ಹಗಲಿನ ಬೆಳಕಿನಲ್ಲೂ ಹತ್ತು ಮಾರು ದೂರದಿಂದ ಅದು ಕಣ್ಣಿಗೆ ಹೊಡೆಯುತ್ತದೆ, ಆ ಮಟ್ಟಿಗೆ ಹಳೆಯ ದೀಪಕ್ಕಿಂತ ಮೇಲು. ಕೊರತೆಯೂ ಇದೆ: ಕರೆ ಬರುವಾಗ ಮಿಂಚುತ್ತದೆ, ಸಂದೇಶ ಬಂದ ಕ್ಷಣ ಎರಡು ಸಲ ಮಿಂಚಿ ಸುಮ್ಮನಾಗುತ್ತದೆ. ಆ ಕ್ಷಣ ಅವರ ಕಣ್ಣು ಮಗ್ಗದ ಮೇಲಿದ್ದರೆ ಸಂದೇಶ ಬಂದದ್ದು ತಿಳಿಯುವುದಿಲ್ಲ. ಹಳೆಯ ದೀಪ, ನೋಡುವವರೆಗೆ ಮಿಣುಕುತ್ತಲೇ ಕಾಯುತ್ತಿತ್ತು.

ಈ ಕೊರತೆಯನ್ನು ತುಂಬಲು ಕೈಗೆ ಕಟ್ಟುವ ಸ್ಮಾರ್ಟ್ ಬ್ಯಾಂಡ್ ನೋಡಬಹುದು. ಕರೆ, ಸಂದೇಶ ಎರಡಕ್ಕೂ ಮಣಿಕಟ್ಟಿನಲ್ಲಿ ಕಂಪಿಸುತ್ತದೆ; ಎರಡರಿಂದ ಮೂರು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಮಗ್ಗದ ಅದುರಿನ ನಡುವೆ ಆ ಕಂಪನ ತಿಳಿಯುತ್ತದೆಯೇ ಎಂಬುದನ್ನು ಮಾತ್ರ ಕೊಳ್ಳುವ ಮೊದಲು ಯಾರದಾದರೂ ಬ್ಯಾಂಡ್ ಕಟ್ಟಿಕೊಂಡು ಕೆಲಸ ಮಾಡಿ ನೋಡಲಿ. ಹಾಗೆಯೇ, ಮನೆಯಲ್ಲಿ ಅಪಸ್ಮಾರ ಇರುವವರಿದ್ದರೆ ಫ್ಲ್ಯಾಶ್ ಬೇಡ. ಕೆಲವರಿಗೆ ಮಿಂಚುವ ಬೆಳಕಿನಿಂದ ತೊಂದರೆಯಾಗುತ್ತದೆ.

ಪ್ರಶ್ನೆ: ಚಾರ್ಜ್ ಆಗುವಾಗ ಕೆಂಪು, ತುಂಬಿದಾಗ ಹಸಿರು. ಅದಾದರೂ ಇರಬೇಕಿತ್ತು. ಪೂರ್ತಿ ಸತ್ತ ಫೋನನ್ನು ಚಾರ್ಜಿಗೆ ಹಾಕಿದಾಗ ಪ್ಲಗ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಈಗ ತಿಳಿಯುವುದೇ ಇಲ್ಲ. — ಖಾಸಗಿ ಬಸ್ ಚಾಲಕ, ಕುಂದಾಪುರ

ಉತ್ತರ: ನಿಮ್ಮ ಮಾತಿಗೆ ನಮ್ಮ ಪೂರ್ಣ ಸಹಮತ. ಪರದೆಯನ್ನು ಬೆಳಗಿಸುವಷ್ಟೂ ಶಕ್ತಿ ಉಳಿಯದ ಬ್ಯಾಟರಿಗೆ ಕರೆಂಟ್ ಹೋಗುತ್ತಿದೆ ಎಂದು ಹೇಳಲು ಆ ಪುಟ್ಟ ಕೆಂಪು ಚುಕ್ಕಿಗೆ ಸಮನಾದುದು ಬಂದಿಲ್ಲ. ಈಗ ಐದು, ಕೆಲವೊಮ್ಮೆ ಹತ್ತು ನಿಮಿಷ ಕಾದ ಮೇಲೆ ಪರದೆಯಲ್ಲಿ ಬ್ಯಾಟರಿಯ ಚಿತ್ರ ಮೂಡುತ್ತದೆ. ಅಲ್ಲಿಯವರೆಗೆ ಕಾಯುವ ಸಮಯವಿಲ್ಲದವರಿಗೆ ಒಂದು ಸರಳ ಉಪಾಯ: ಯುಎಸ್‌ಬಿ-ಸಿ ಕೇಬಲ್‌ನಲ್ಲೇ ವ್ಯಾಟ್ ತೋರಿಸುವ ಪುಟ್ಟ ಪರದೆ ಇರುವಂಥದು ಸಿಗುತ್ತದೆ. ಪ್ಲಗ್ ಸರಿಯಾಗಿ ಕೂತಿದ್ದರೆ ಅಂಕಿ ಮೂಡುತ್ತದೆ, ಇಲ್ಲದಿದ್ದರೆ ಸೊನ್ನೆ.

ಪ್ರಶ್ನೆ: ಹಿಂಬದಿಯಲ್ಲಿ ಲೈಟುಗಳಿರುವ ನಥಿಂಗ್ ಫೋನ್ ಬಂದಿದೆಯಲ್ಲ, ದೀಪ ವಾಪಸ್ ಬಂದಂತೆಯೇ? — ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ಅರ್ಧ ಬಂದಂತೆ. ಲಂಡನ್ ಮೂಲದ ಆ ಕಂಪನಿ 2022ರ ಜುಲೈನಲ್ಲಿ ತಂದ ಫೋನ್ 1ರ ಬೆನ್ನಿನಲ್ಲಿ ಬಿಳಿ ಬೆಳಕಿನ ಪಟ್ಟಿಗಳಿದ್ದವು, ಅವುಗಳಲ್ಲಿ 900ಕ್ಕೂ ಹೆಚ್ಚು ಎಲ್‌ಇಡಿಗಳು. ಯಾರ ಕರೆಗೆ ಯಾವ ವಿನ್ಯಾಸದಲ್ಲಿ ಬೆಳಗಬೇಕು ಎಂದು ಆರಿಸಿಕೊಳ್ಳಬಹುದು. ಫೋನನ್ನು ಬೋರಲು ಹಾಕಿಟ್ಟವರಿಗೆ ಮಾತ್ರ ಇದರ ಪ್ರಯೋಜನ. ಕವರ್ ಹಾಕಿದರೆ ಅದು ಪಾರದರ್ಶಕವಾಗಿರಬೇಕು. ಹಳೆಯ ದೀಪದ ಗುಣ ಇದ್ದದ್ದು ಅದು ಸಣ್ಣದಾಗಿದ್ದುದರಲ್ಲಿ. ಒಂದು ಸಾಸಿವೆ ಕಾಳಿನ ಕೆಲಸಕ್ಕೆ ದೀಪಾವಳಿಯ ಸರಮಾಲೆ ಹಚ್ಚಿದಂತಿದೆ ಎಂದು ನಮಗೆ ಅನ್ನಿಸುತ್ತದೆ, ನಿಮ್ಮ ವಯಸ್ಸಿನವರಿಗೆ ಹಾಗೆ ಅನ್ನಿಸಬೇಕೆಂದಿಲ್ಲ.

ಪ್ರಶ್ನೆ: ದೀಪ ಹೋದದ್ದು ಒಳ್ಳೆಯದಾಯಿತು. ರಾತ್ರಿ ಕೋಣೆಯ ಕತ್ತಲಲ್ಲಿ ಅದು ಮಿಣುಕುತ್ತಿದ್ದರೆ ಎದ್ದು ನೋಡದೆ ನಿದ್ರೆ ಬರುತ್ತಿರಲಿಲ್ಲ. ನೋಡಿದರೆ ಯಾವುದೋ ಗ್ರೂಪಿನ ‘ಶುಭರಾತ್ರಿ’. ನೀವೆಲ್ಲ ಅದನ್ನು ಯಾಕೆ ಇಷ್ಟು ಹೊಗಳುತ್ತಿದ್ದೀರಿ? — ಸ್ಟಾಫ್ ನರ್ಸ್, ಕಲಬುರಗಿ

ಉತ್ತರ: ನಿಮ್ಮ ದೂರು ಹೊಸದಲ್ಲ. ಆಂಡ್ರಾಯ್ಡ್ ಬರುವುದಕ್ಕೂ ಮೊದಲು, ಬ್ಲ್ಯಾಕ್‌ಬೆರಿ ಫೋನಿನ ಮೂಲೆಯಲ್ಲಿ ಮೇಲ್ ಬಂದಾಗ ಕೆಂಪು ದೀಪ ಮಿಣುಕುತ್ತಿತ್ತು. ಅಮೆರಿಕ, ಕೆನಡಾಗಳ ಕಚೇರಿ ನೌಕರರು ಊಟದ ಮೇಜಿನಲ್ಲೂ ಅದರ ಮೇಲಿಂದ ಕಣ್ಣು ಕೀಳಲಾಗದೆ ಪರದಾಡಿದ್ದು ಆಗ ದೊಡ್ಡ ಚರ್ಚೆಯಾಗಿತ್ತು. ಆದರೂ ಅಂದು ಆ ದೀಪ ಮಿಣುಕಿದರೆ ಮೇಲ್ ಬರೆದವರು ಒಬ್ಬ ಮನುಷ್ಯ ಎಂಬ ಭರವಸೆ ಬಹುಮಟ್ಟಿಗೆ ಇತ್ತು. ಈಗ ಫೋನಿಗೆ ಬರುವ ನೋಟಿಫಿಕೇಶನ್‌ಗಳಲ್ಲಿ ಮನುಷ್ಯರು ಕಳಿಸಿದ್ದೆಷ್ಟು ಎಂದು ಒಂದು ದಿನ ಎಣಿಸಿ ನೋಡಿ. ನಾವು ಎಣಿಸಿದ ದಿನ ಬೆಳಗಿನಿಂದ ರಾತ್ರಿಯವರೆಗೆ ಬಂದದ್ದು 94; ಅವುಗಳಲ್ಲಿ ನಮಗೇ ಎಂದು ಒಬ್ಬರು ಬರೆದದ್ದು 11. ಉಳಿದವು ದಿನಸಿಯ ರಿಯಾಯಿತಿ, ಸಾಲ ಬೇಕೇ ಎಂಬ ವಿಚಾರಣೆ, ಕ್ರಿಕೆಟ್ ಸ್ಕೋರು, ಗ್ರೂಪುಗಳ ಹೂಗುಚ್ಛ. ಇಷ್ಟೆಲ್ಲಕ್ಕೂ ಮಿಣುಕುವ ದೀಪ ಎಂದೂ ಆರುವುದಿಲ್ಲ, ಎಂದೂ ಆರದ ದೀಪದಿಂದ ಏನೂ ತಿಳಿಯುವುದಿಲ್ಲ. ಆ ಅರ್ಥದಲ್ಲಿ, ಫೋನ್ ತಯಾರಕರು ಕಿತ್ತು ಹಾಕುವ ಹೊತ್ತಿಗೆ ಅದು ಅರ್ಧ ಸತ್ತೇ ಇತ್ತು ಎಂಬುದನ್ನು ಒಪ್ಪುತ್ತೇವೆ.

ಆದರೆ ಅದರ ಜಾಗಕ್ಕೆ ಬಂದದ್ದೇನು ಎಂಬುದನ್ನೂ ನೋಡಬೇಕು. ದೀಪ ‘ಏನೋ ಇದೆ’ ಎಂದಷ್ಟೇ ಹೇಳುತ್ತಿತ್ತು. ನೋಡುವುದೋ ಬಿಡುವುದೋ ನಮಗೆ ಸೇರಿದ್ದು. ದೀಪ ಆರಿದ್ದರೆ ಫೋನ್ ಮುಟ್ಟುವ ಕಾರಣವೇ ಇರುತ್ತಿರಲಿಲ್ಲ, ಅದರ ದೊಡ್ಡ ಉಪಕಾರ ಅದೇ. ಈಗ ಏನೂ ಬಂದಿಲ್ಲ ಎಂದು ತಿಳಿಯಲಿಕ್ಕೂ ಪರದೆಯನ್ನು ಬೆಳಗಿಸಬೇಕು, ಬೆಳಗಿಸಿದ ಮೇಲೆ ಬಂದದ್ದನ್ನೆಲ್ಲ ಓದಬೇಕು, ಓದಿದ ಮೇಲೆ ಹತ್ತು ನಿಮಿಷ ಹೋದದ್ದು ಗೊತ್ತಾಗುವುದಿಲ್ಲ. ನಾವು ದೀಪವನ್ನು ಹೊಗಳುತ್ತಿರುವುದು ಅದು ಮಿಣುಕುತ್ತಿದ್ದ ಹೊತ್ತಿಗಾಗಿ ಅಲ್ಲ, ಆರಿರುತ್ತಿದ್ದ ಹೊತ್ತಿಗಾಗಿ.

ರಾತ್ರಿಪಾಳಿ ಮಾಡುವ ನಿಮಗೆ ಒಂದು ವ್ಯವಸ್ಥೆಯನ್ನು ಸೂಚಿಸುತ್ತೇವೆ. 2020ರ ಆಂಡ್ರಾಯ್ಡ್ 11ರಿಂದ ಈಚಿನ ಫೋನುಗಳಲ್ಲಿ, ಒಬ್ಬರ ಸಂದೇಶ ಬಂದಾಗ ಆ ನೋಟಿಫಿಕೇಶನ್ ಮೇಲೆ ಬೆರಳನ್ನು ಒತ್ತಿ ಹಿಡಿದರೆ ‘ಪ್ರಯಾರಿಟಿ’ ಎಂಬ ಆಯ್ಕೆ ಬರುತ್ತದೆ. ಮನೆಯವರು, ವಾರ್ಡಿನ ಮುಖ್ಯಸ್ಥರು, ಹೀಗೆ ನಾಲ್ಕೈದು ಜನರನ್ನು ಮಾತ್ರ ಅದಕ್ಕೆ ಸೇರಿಸಿ. ಆಮೇಲೆ ಮಲಗುವ ಹೊತ್ತಿಗೆ ‘ಡು ನಾಟ್ ಡಿಸ್ಟರ್ಬ್’ ಹಾಕಿ, ಅದರ ‘ಪೀಪಲ್’ ವಿಭಾಗದಲ್ಲಿ ಪ್ರಯಾರಿಟಿ ಸಂಭಾಷಣೆಗಳಿಗೆ ಮಾತ್ರ ಅವಕಾಶ ಕೊಡಿ. ಕರೆಗಳಿಗೆ ಸ್ಟಾರ್ ಗುರುತಿನ ಸಂಪರ್ಕಗಳನ್ನು ಆರಿಸಿ. ಗ್ರೂಪುಗಳನ್ನು ಒಂದೊಂದಾಗಿ ತೆರೆದು ‘ಮ್ಯೂಟ್, ಆಲ್ವೇಸ್’ ಮಾಡಿ. ಮ್ಯೂಟ್ ಮಾಡಿದ್ದು ಗ್ರೂಪಿನವರಿಗೆ ತಿಳಿಯುವುದಿಲ್ಲ, ದಾಕ್ಷಿಣ್ಯ ಬೇಡ. ಇದನ್ನೆಲ್ಲ ಮಾಡಲು ಹೆಚ್ಚೆಂದರೆ ಅರ್ಧ ಗಂಟೆ ಬೇಕು, ಬಿಡುವಿನ ದಿನ ಮಧ್ಯಾಹ್ನ ಕೂತು ಮಾಡಿ. ಆಮೇಲೂ ‘ಶುಭರಾತ್ರಿ’ ಬಂದರೆ ಅದು ನೀವೇ ಪ್ರಯಾರಿಟಿಗೆ ಸೇರಿಸಿದವರಿಂದ ಬಂದದ್ದು. ಅದಕ್ಕೆ ನಮ್ಮಲ್ಲಿ ಪರಿಹಾರವಿಲ್ಲ.